ಅದೇ ಹಲಗೆ, ಬೇರೆ ಬೇರೆ ಬೆಳಕು

ಜಪಾನಿನ ಮರದಚ್ಚಿನ ಚಿತ್ರಗಳು ಈಗ ನಮ್ಮ ಕಣ್ಣಿಗೆ ಬೀಳದ ದಿನವಿಲ್ಲ. ಕಲಾವಿದ ಹೊಕುಸಾಯಿಯ ದೊಡ್ಡ ಅಲೆ ಟೀ ಶರ್ಟಿನ ಮೇಲಿದೆ, ಕಾಫಿ ಮಗ್ಗಿನ ಮೇಲಿದೆ, ಮೊಬೈಲಿನ ಪರದೆಯ ಮೇಲಿದೆ. ಪುಣೆಯಲ್ಲಿ ಈ ಚಿತ್ರಗಳ ಪರಿಚಯ ತುಸು ಹೆಚ್ಚೇ, ಏಕೆಂದರೆ ಇಲ್ಲಿ ಕೆಲಸಕ್ಕೆಂದು, ಓದಿಗೆಂದು ಜಪಾನೀ ಭಾಷೆ ಕಲಿಯುವ ಹುಡುಗ ಹುಡುಗಿಯರು ಬಹಳ. ಕಾತ್ರಜದ ಕಡೆಯ ಕನ್ನಡದ ಮನೆಗಳಲ್ಲೂ ಅಂಥ ಮಕ್ಕಳಿದ್ದಾರೆ. ಅವರ ಕೋಣೆಯ ಗೋಡೆಯ ಮೇಲೆ ಇಂಥದೊಂದು ಚಿತ್ರವೂ ಇರುತ್ತದೆ. ಅದನ್ನು ನೋಡಿದ ಹಿರಿಯರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಇದು ಪ್ರಿಂಟು ತಾನೆ? ಹಾಗಾದರೆ ಒರಿಜಿನಲ್ ಎಲ್ಲಿದೆ?’

ಕೇಳಲೇಬೇಕಾದ ಪ್ರಶ್ನೆ ಇದು. ಒಂದು ಎಣ್ಣೆವರ್ಣದ ಚಿತ್ರ, ಅದರ ಫೋಟೊ, ಆ ಫೋಟೊದಿಂದ ಸಾವಿರಾರು ಪೋಸ್ಟರು ಎಂಬ ಕ್ರಮಕ್ಕೆ ನಾವು ಒಗ್ಗಿಹೋಗಿದ್ದೇವೆ. ಅಲ್ಲಿ ಒರಿಜಿನಲ್ ಒಂದೇ, ಉಳಿದದ್ದೆಲ್ಲ ನಕಲು. ಮರದಚ್ಚಿನಲ್ಲಿ ಲೆಕ್ಕವೇ ಬೇರೆ. ಹಲಗೆಯಿಂದ ಎದ್ದ ಹಾಳೆಯೇ ಅಲ್ಲಿ ಕೃತಿ. ನೂರು ಹಾಳೆ ಎದ್ದರೆ ನೂರೂ ಕೃತಿಗಳೇ. ಅವುಗಳ ಹಿಂದೆ ಎಲ್ಲೋ ಬಚ್ಚಿಟ್ಟ ಇನ್ನೊಂದು ‘ನಿಜವಾದ’ ಚಿತ್ರ ಇರುವುದಿಲ್ಲ. ಇದು ಹೇಗೆ ಸಾಧ್ಯ ಎಂದು ತಿಳಿಯಲು ಒಬ್ಬ ಕಲಾವಿದರ ಕೆಲಸವನ್ನು ಹತ್ತಿರದಿಂದ ನೋಡಬೇಕು. ಅದಕ್ಕೆ ನಾನು ಆರಿಸಿಕೊಂಡಿರುವುದು ಯೋಶಿದಾ ಹಿರೋಶಿ ಅವರನ್ನು. ಇಪ್ಪತ್ತನೆಯ ಶತಮಾನದ ಜಪಾನಿ ಮರದಚ್ಚಿನ ದೊಡ್ಡ ಹೆಸರುಗಳಲ್ಲಿ ಒಂದು ಎಂಬುದು ಒಂದು ಕಾರಣ. ಅವರು ಭಾರತಕ್ಕೆ ಬಂದು, ಇದೇ ಮಹಾರಾಷ್ಟ್ರದ ಅಜಂತಾ ಎಲ್ಲೋರಗಳನ್ನು ನೋಡಿ, ಅವನ್ನು ಮರದಲ್ಲಿ ಕೆತ್ತಿಸಿದರು ಎಂಬುದು ಇನ್ನೊಂದು.

ಯೋಶಿದಾ ಹುಟ್ಟಿದ್ದು 1876ರಲ್ಲಿ, ದಕ್ಷಿಣದ ಕ್ಯೂಶು ದ್ವೀಪದ ಕುರುಮೆ ಎಂಬ ಊರಿನಲ್ಲಿ. ಹುಟ್ಟು ಮನೆತನದ ಹೆಸರು ಉಯೆದಾ. ಚಿತ್ರಕಲೆಯ ಮೇಷ್ಟ್ರಾಗಿದ್ದ ಯೋಶಿದಾ ಕಸಾಬುರೊ ಹುಡುಗನ ಕೈಚಳಕ ಕಂಡು 1891ರಲ್ಲಿ ದತ್ತು ತೆಗೆದುಕೊಂಡರು. ಕ್ಯೋತೊ, ಆಮೇಲೆ ತೋಕ್ಯೊ. ಅಲ್ಲಿ ಅವರು ಕಲಿತದ್ದು ಪಾಶ್ಚಾತ್ಯ ಶೈಲಿಯ ಎಣ್ಣೆವರ್ಣ ಮತ್ತು ಜಲವರ್ಣ. ಮರದಚ್ಚಿನ ಸುದ್ದಿಯೇ ಇರಲಿಲ್ಲ. ಆ ಕಾಲದ ಜಪಾನಿನಲ್ಲಿ ಓದಿದ ಕಲಾವಿದರಿಗೆ ಮರದಚ್ಚು ಬೀದಿಯ ವ್ಯಾಪಾರಿ ಸರಕಾಗಿತ್ತು. ಫೋಟೊ ಮತ್ತು ಲಿಥೊ ಮುದ್ರಣ ಬಂದ ಮೇಲೆ ಉಕಿಯೊ-ಎ ಎಂಬ ಹಳೆಯ ಮರದಚ್ಚಿನ ಚಿತ್ರಗಳ ಉದ್ಯಮ ಕುಸಿದಿತ್ತು.

1899ರಲ್ಲಿ ಗೆಳೆಯ ನಾಕಾಗಾವಾ ಹಚಿರೊ ಜತೆ ಯೋಶಿದಾ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಸರ್ಕಾರದ ವಿದ್ಯಾರ್ಥಿವೇತನಗಳು ಬೇರೊಂದು ಗುಂಪಿನ ಕಲಾವಿದರ ಪಾಲಾಗುತ್ತಿದ್ದ ದಿನಗಳವು. ಇವರು ಹೋದದ್ದು ತಮ್ಮದೇ ಚಿತ್ರಗಳ ಕಟ್ಟು ಹೊತ್ತು. ಡೆಟ್ರಾಯಿಟಿನ ಕಲಾ ಸಂಗ್ರಹಾಲಯ ಅವರ ಜಲವರ್ಣಗಳ ಪ್ರದರ್ಶನ ಏರ್ಪಡಿಸಿತು, ಚಿತ್ರಗಳು ಚೆನ್ನಾಗಿ ಮಾರಿದವು, ಅಲ್ಲಿಂದ ಬಾಸ್ಟನ್, ಆಮೇಲೆ ಯುರೋಪು. 1903ರಿಂದ 1907ರವರೆಗೆ ಎರಡನೆಯ ಪ್ರವಾಸ. ಈ ಸಲ ಜತೆಗಿದ್ದವರು ದತ್ತು ಮನೆಯ ಮಗಳು ಫುಜಿಯೊ, ಸ್ವತಃ ಕಲಾವಿದೆ. ಹೊರಟಾಗ ಅವರಿಗಿನ್ನೂ ಹದಿನಾರರ ವಯಸ್ಸು. ಮರಳಿದ ಮೇಲೆ ಇಬ್ಬರೂ ಮದುವೆಯಾದರು. ಹಣ ಎಲ್ಲಿಂದ ಬರುತ್ತದೆ, ಯಾವ ಚಿತ್ರ ಯಾರಿಗೆ ಬೇಕು, ಇದನ್ನೆಲ್ಲ ಯೋಶಿದಾ ಬಹಳ ಎಳೆಯ ವಯಸ್ಸಿಗೇ ಕಲಿತರು ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಮುಂದೆ ಅವರ ಮರದಚ್ಚಿನ ಬದುಕು ನಿಂತದ್ದೂ ಈ ತಿಳಿವಿನ ಮೇಲೆಯೇ.

ಮರದಚ್ಚು ಅವರ ಬದುಕಿಗೆ ಬಂದದ್ದು 1920ರಲ್ಲಿ, ಅಂದರೆ ನಲವತ್ತು ದಾಟಿದ ಮೇಲೆ. ತೋಕ್ಯೊದಲ್ಲಿ ವಾತಾನಾಬೆ ಶೋಜಾಬುರೊ ಎಂಬ ಪ್ರಕಾಶಕರಿದ್ದರು. ಸಾಯುತ್ತಿದ್ದ ಮರದಚ್ಚಿನ ಕಸುಬನ್ನು ಹೊಸ ಕಲಾವಿದರ ಕೈಗೆ ಕೊಟ್ಟು ಬದುಕಿಸಬೇಕೆಂದು ಹೊರಟವರು. ಈ ಚಳವಳಿಗೆ ‘ಶಿನ್ ಹಂಗಾ’ ಎಂದು ಹೆಸರು. ಕವಾಸೆ ಹಾಸುಯಿ ಅವರಂಥ ಕಲಾವಿದರನ್ನು ಬೆಳಕಿಗೆ ತಂದದ್ದು ಇದೇ ಅಂಗಡಿ. ವಾತಾನಾಬೆ ಕೇಳಿಕೊಂಡ ಮೇಲೆ ಯೋಶಿದಾ ಕೆಲವು ಚಿತ್ರ ಬರೆದುಕೊಟ್ಟರು. ಹಲಗೆ, ಕೆತ್ತುವವರು, ಅಚ್ಚು ಹಾಕುವವರು ಎಲ್ಲ ಪ್ರಕಾಶಕರದೇ. 1923ರ ಸೆಪ್ಟೆಂಬರ್ 1ರಂದು ಮಹಾ ಭೂಕಂಪವಾಗಿ ತೋಕ್ಯೊ ಹೊತ್ತಿ ಉರಿಯಿತು. ವಾತಾನಾಬೆಯವರ ಅಂಗಡಿ, ಅದರೊಳಗಿದ್ದ ಹಲಗೆಗಳು, ಹಾಳೆಗಳು ಬೂದಿಯಾದವು.

ಯೋಶಿದಾ ಸಂಕಷ್ಟಕ್ಕೆ ಸಿಕ್ಕ ಗೆಳೆಯರ ಹಾಗೂ ತಮ್ಮ ಚಿತ್ರಗಳನ್ನು ಮಾರಲು ಮತ್ತೆ ಅಮೆರಿಕಕ್ಕೆ ಹೋದರು. ಅಲ್ಲಿ ಕಂಡದ್ದು ಅವರ ದಾರಿ ಬದಲಿಸಿತು. ಎಣ್ಣೆವರ್ಣಕ್ಕಿಂತ ಮರದಚ್ಚಿನ ಹಾಳೆಗಳನ್ನೇ ಜನ ಮುಗಿಬಿದ್ದು ಕೊಳ್ಳುತ್ತಿದ್ದರು. ಹಳೆಯ ಉಕಿಯೊ-ಎ ಹೆಸರಿನಲ್ಲಿ ಸಾಧಾರಣ ಮಾಲು ಕೂಡ ಒಳ್ಳೆಯ ಬೆಲೆಗೆ ಹೋಗುತ್ತಿತ್ತು. ಇದಕ್ಕಿಂತ ಚೆನ್ನಾದದ್ದನ್ನು ಮಾಡಬಹುದಲ್ಲ ಎಂದು ಅವರಿಗೆ ಅನ್ನಿಸಿತು. 1925ರಲ್ಲಿ ಊರಿಗೆ ಮರಳಿ ತಮ್ಮದೇ ಕಾರ್ಯಾಗಾರ ತೆರೆದರು. ಆಗ ಅವರಿಗೆ ನಲವತ್ತೊಂಬತ್ತು. ಕೆತ್ತುವವರನ್ನೂ ಅಚ್ಚು ಹಾಕುವವರನ್ನೂ ತಾವೇ ನೇಮಿಸಿಕೊಂಡರು, ಪ್ರಕಾಶಕರೂ ತಾವೇ ಆದರು. ತಾವೂ ಉಳಿ ಹಿಡಿದು ಕಲಿತರು. ತಾನು ಮಾಡಲಾರದ ಕೆಲಸವನ್ನು ಇನ್ನೊಬ್ಬರಿಂದ ಸರಿಯಾಗಿ ಮಾಡಿಸುವುದು ಆಗದ ಮಾತು ಎಂಬುದು ಅವರ ನಿಲುವಾಗಿತ್ತು.

ಇಲ್ಲಿ ಕೆಲಸದ ವಿವರಕ್ಕೆ ಇಳಿಯಬೇಕು. ಜಪಾನಿನ ಯಾವುದೋ ದೇಗುಲದ ಬದಲು ಓದುಗರು ಕಂಡಿರಬಹುದಾದ ಒಂದು ಜಾಗವನ್ನೇ ಇಟ್ಟುಕೊಳ್ಳೋಣ. ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ರಾತ್ರಿ ಬಸ್ಸಿನಲ್ಲಿ ಬರುವವರಿಗೆ ಪುಣೆ ಮೊದಲು ಕಾಣುವುದು ಕಾತ್ರಜದಲ್ಲಿ. ಘಾಟಿನ ಸುರಂಗ ದಾಟಿ ಇಳಿದರೆ ಕೆಳಗೆ ಕೆರೆ. ಹದಿನೆಂಟನೆಯ ಶತಮಾನದ ಮಧ್ಯದಲ್ಲಿ ನಾನಾಸಾಹೇಬ ಪೇಶ್ವೆ ಕಟ್ಟಿಸಿ, ಇಲ್ಲಿಂದ ನೆಲದೊಳಗಿನ ಕಾಲುವೆಯಲ್ಲಿ ಶನಿವಾರವಾಡೆಯವರೆಗೆ ನೀರು ಹರಿಸಿದ ಕೆರೆ ಅದು. ಮುಂದೆ ನೀರು, ಆಚೆ ದಡದಲ್ಲಿ ಮರಗಳು, ಹಿಂದೆ ಒಂದರ ಬೆನ್ನಿಗೆ ಒಂದು ಗುಡ್ಡ, ಮೇಲೆ ಆಷಾಢದ ಮೋಡ. ಇದನ್ನು ಯೋಶಿದಾ ಅವರ ಪದ್ಧತಿಯಲ್ಲಿ ಅಚ್ಚಿಗೆ ತರಬೇಕೆಂದರೆ ಏನೇನು ಮಾಡಬೇಕು?

ಮೊದಲು ತೆಳ್ಳನೆಯ ಕಾಗದದ ಮೇಲೆ ರೇಖಾಚಿತ್ರ. ಬಣ್ಣವಿಲ್ಲ, ಗೆರೆ ಮಾತ್ರ: ಏರಿಯ ಅಂಚು, ಮರದ ಕಾಂಡ, ಗುಡ್ಡದ ನೆತ್ತಿ. ಆ ಕಾಗದವನ್ನು ಮುಖ ಕೆಳಗೆ ಮಾಡಿ ನುಣುಪಾದ ಕಾಡು ಚೆರ್ರಿ ಮರದ ಹಲಗೆಗೆ ಅಂಟಿಸುತ್ತಾರೆ. ಹಾಗಾಗಿ ಹಲಗೆಯ ಮೇಲೆ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವು, ಅಚ್ಚಾದ ಮೇಲೆ ನೆಟ್ಟಗೆ. ಕೆತ್ತುವವನು ಪ್ರತಿ ಗೆರೆಯ ಎರಡೂ ಬದಿಗೆ ಚೂಪು ಚಾಕುವಿನಿಂದ ಸೀಳು ಕೊಡುತ್ತಾನೆ. ಆಮೇಲೆ ಉಳಿ ಕೊಡತಿ ಹಿಡಿದು ಗೆರೆಗಳ ನಡುವಿನ ಮರವನ್ನೆಲ್ಲ ತೆಗೆಯುತ್ತಾನೆ. ಗೆರೆ ಎದ್ದು ನಿಲ್ಲುತ್ತದೆ, ಉಳಿದದ್ದು ತಗ್ಗು. ಇದು ಮೂಲ ಹಲಗೆ. ಚೆರ್ರಿ ಮರವೇ ಏಕೆಂದರೆ ಅದರ ಎಳೆ ಒತ್ತಾಗಿದೆ, ಗಟ್ಟಿಯಾಗಿದೆ. ಕೂದಲಿನಷ್ಟು ಸಣ್ಣ ಗೆರೆ ಬಿಟ್ಟರೂ ಸಾವಿರ ಸಲ ಒತ್ತುವವರೆಗೆ ಸವೆಯುವುದಿಲ್ಲ.

ಅದೇ ಹಲಗೆಯ ಅಂಚಿನಲ್ಲಿ ಎರಡು ಗುರುತು ಕೆತ್ತುತ್ತಾರೆ. ಒಂದು ಮೂಲೆಯಲ್ಲಿ ಕೋನದ ಆಕಾರ, ಸ್ವಲ್ಪ ದೂರದಲ್ಲಿ ನೇರ ಗೆರೆ. ಇವೇ ‘ಕೆಂತೊ’. ಹಾಳೆಯ ಮೂಲೆಯನ್ನು ಮೊದಲನೆಯದಕ್ಕೂ ಅಂಚನ್ನು ಎರಡನೆಯದಕ್ಕೂ ತಾಗಿಸಿ ಇಟ್ಟರೆ ಎಷ್ಟು ಸಲ ಒತ್ತಿದರೂ ಹಾಳೆ ಅದೇ ಜಾಗಕ್ಕೆ ಬಂದು ಕೂರುತ್ತದೆ. ನೋಡಲು ಏನೂ ಅಲ್ಲದ ಈ ಎರಡು ಕಚ್ಚುಗಳಿಲ್ಲದೆ ಬಣ್ಣದ ಮರದಚ್ಚು ಎಂಬುದೇ ಇರುತ್ತಿರಲಿಲ್ಲ.

ಮೂಲ ಹಲಗೆಯಿಂದ ಒಂದಿಷ್ಟು ಕಪ್ಪು ಹಾಳೆ ಎಬ್ಬಿಸಿ, ಒಂದೊಂದು ಹಾಳೆಯಲ್ಲಿ ಒಂದೊಂದು ಬಣ್ಣದ ಜಾಗ ಗುರುತು ಹಾಕುತ್ತಾರೆ. ಈ ಹಾಳೆಯಲ್ಲಿ ನೀರು, ಇದರಲ್ಲಿ ದೂರದ ಗುಡ್ಡ, ಇದರಲ್ಲಿ ಹತ್ತಿರದ ಗುಡ್ಡ, ಇದರಲ್ಲಿ ಮರದ ನೆರಳು. ಪ್ರತಿಯೊಂದಕ್ಕೂ ಬೇರೆ ಹಲಗೆ, ಬೇರೆ ಕೆತ್ತನೆ, ಅದೇ ಅಳತೆಯ ಕೆಂತೊ. ಆಮೇಲೆ ಅಚ್ಚು. ಹಲಗೆಯ ಮೇಲೆ ನೀರಿನಲ್ಲಿ ಕಲಸಿದ ಬಣ್ಣ, ಜತೆಗೆ ಚೂರು ಅಕ್ಕಿ ಗಂಜಿ. ಎರಡನ್ನೂ ಕುಂಚದಿಂದ ಸವರಿ ಒಂದಾಗಿಸುತ್ತಾರೆ. ಮೇಲೆ ಒದ್ದೆ ಮಾಡಿದ ‘ವಾಶಿ’ ಕಾಗದ. ಕೊಜೊ ಎಂಬ ಗಿಡದ ನಾರಿನಿಂದ ಮಾಡಿದ, ಎಳೆದರೆ ಹರಿಯದ ಕಾಗದವದು. ಬಣ್ಣ ಹರಡದಿರಲೆಂದು ಮೊದಲೇ ಅಂಟು ಮತ್ತು ಪಟಿಕದ ನೀರು ಸವರಿರುತ್ತಾರೆ. ಕಾಗದದ ಬೆನ್ನನ್ನು ‘ಬಾರೆನ್’ನಿಂದ ತಿಕ್ಕುತ್ತಾರೆ. ಬಿದಿರಿನ ಹಾಳೆಯಿಂದ ಹೊಸೆದ ಹುರಿಯನ್ನು ಸುರುಳಿ ಸುತ್ತಿ, ಮೇಲೆ ಅದೇ ಬಿದಿರ ಹಾಳೆ ಬಿಗಿದು ಮಾಡಿದ, ಅಂಗೈಯಲ್ಲಿ ಹಿಡಿಯುವ ಬಿಲ್ಲೆ ಅದು. ಯಂತ್ರವಿಲ್ಲ, ಚಕ್ರವಿಲ್ಲ. ತೋಳಿನ ಭಾರವೇ ಅಲ್ಲಿ ಒತ್ತು.

ಮೋಡದ ಕೆಳಗೆ ಆಕಾಶ ಗಾಢವಾಗಿದ್ದು ಗುಡ್ಡದ ಹತ್ತಿರ ತಿಳಿಯಾಗಬೇಕೆನ್ನಿ. ಹಲಗೆಯ ಕೆತ್ತನೆಯಲ್ಲಿ ಅದಕ್ಕೆ ದಾರಿಯಿಲ್ಲ. ಕೆತ್ತಿದ ಜಾಗ ಒಂದೋ ಬಣ್ಣ ಹಿಡಿಯುತ್ತದೆ, ಇಲ್ಲವೋ ಇಲ್ಲ. ಈ ಏರಿಳಿತ ಅಚ್ಚು ಹಾಕುವವನ ಕೈಯದು. ಅಗಲ ಕುಂಚದ ಒಂದು ಮೂಲೆಗೆ ಬಣ್ಣ, ಇನ್ನೊಂದು ಮೂಲೆಗೆ ನೀರು ತಾಗಿಸಿ, ಹಲಗೆಯ ಮೇಲೆ ಒಂದೇ ಸಮ ಆಡಿಸುತ್ತ ಹೋದರೆ ಬಣ್ಣ ಕರಗುತ್ತ ನೀರಾಗುತ್ತದೆ. ಇದಕ್ಕೆ ‘ಬೊಕಾಶಿ’ ಎನ್ನುತ್ತಾರೆ. ಪ್ರತಿ ಹಾಳೆಗೂ ಈ ಕುಂಚದ ಕೆಲಸ ಹೊಸದಾಗಿ ಆಗಬೇಕು. ನಮ್ಮ ಕಾತ್ರಜದ ಗುಡ್ಡಗಳಲ್ಲಿ ಹಿಂದಿನದು ಮುಂದಿನದಕ್ಕಿಂತ ಮಸುಕಾಗಿ, ಅದರ ಹಿಂದಿನದು ಇನ್ನೂ ಮಸುಕಾಗಿ, ಕೊನೆಯದು ಮೋಡವೋ ಗುಡ್ಡವೋ ತಿಳಿಯದಂತೆ ಕಾಣಬೇಕಾದರೆ ಬೊಕಾಶಿ ಬಲ್ಲ ಕೈಯೇ ಬೇಕು.

ಹಳೆಯ ಉಕಿಯೊ-ಎ ಹಾಳೆಗೆ ಹತ್ತು ಹದಿನೈದು ಸಲ ಒತ್ತಿದರೆ ಮುಗಿಯುತ್ತಿತ್ತು. ಯೋಶಿದಾ ಅವರಲ್ಲಿ ಸರಾಸರಿ ಮೂವತ್ತರ ಆಸುಪಾಸು. ನಿಕ್ಕೊ ದೇಗುಲದ ಯೋಮೆಯಿ ದ್ವಾರವನ್ನು ತೋರಿಸುವ 1937ರ ಹಾಳೆಗೆ ತೊಂಬತ್ತಾರು ಸಲ. ಅವರು ಬಣ್ಣದ ಕೆಳಗೆ ಮೊದಲು ಬೂದಿ ಬಣ್ಣದ ಪದರಗಳನ್ನು ಒತ್ತಿಸುತ್ತಿದ್ದರು; ನೆರಳಿನ ಆಳ ಅಲ್ಲಿಂದ ಬರುತ್ತದೆ. ಎಣ್ಣೆವರ್ಣ ಕಲಿತವರ ಯೋಚನೆ ಇದು. ಮೂವತ್ತು ಸಲ ಒತ್ತುವ ನೂರು ಹಾಳೆ ಎಂದರೆ ಮೂರು ಸಾವಿರ ಸಲ ಬಣ್ಣ ಸವರಿ, ಕಾಗದ ಕೂರಿಸಿ, ತಿಕ್ಕಿ, ಎಬ್ಬಿಸಬೇಕು. ಅಷ್ಟು ದಿನವೂ ಕಾಗದ ಒಂದೇ ಹದದಲ್ಲಿ ಒದ್ದೆಯಾಗಿರಬೇಕು. ಒಣಗಿದರೆ ಕುಗ್ಗುತ್ತದೆ, ಕುಗ್ಗಿದರೆ ಕೆಂತೊ ಇದ್ದೂ ಬಣ್ಣ ಗೆರೆ ದಾಟುತ್ತದೆ. ಹೆಚ್ಚು ದಿನ ನೆನೆದರೆ ಬೂಷ್ಟು.

ಈಗ ‘ಒರಿಜಿನಲ್ ಎಲ್ಲಿದೆ’ ಎಂಬ ಪ್ರಶ್ನೆಗೆ ಬರಬಹುದು. ಇದಕ್ಕೆ ಯೋಶಿದಾ ಅವರದೇ ಒಂದು ಚಿತ್ರಮಾಲೆ ಎಲ್ಲ ವಿವರಣೆಗಿಂತ ಒಳ್ಳೆಯ ಉತ್ತರ. ಜಪಾನಿನ ಸೆತೊ ಒಳಸಮುದ್ರದಲ್ಲಿ ಹಾಯಿದೋಣಿಗಳು ಸಾಗುವ ದೃಶ್ಯ, 1926ರದು. ಭೂಕಂಪಕ್ಕೆ ಮುಂಚೆ ವಾತಾನಾಬೆಯವರಿಗಾಗಿ ಮಾಡಿ ಬೆಂಕಿಗೆ ಕಳೆದುಕೊಂಡ ವಸ್ತುವನ್ನೇ ಈಗ ತಮ್ಮ ಕಾರ್ಯಾಗಾರದಲ್ಲಿ ದೊಡ್ಡದಾಗಿ ಮತ್ತೆ ಕೆತ್ತಿಸಿದರು. ಆರು ಹಾಳೆ: ಬೆಳಗು, ಪೂರ್ವಾಹ್ನ, ಅಪರಾಹ್ನ, ಮಂಜು, ಸಂಜೆ, ರಾತ್ರಿ. ದೋಣಿ ಅವೇ, ಹಾಯಿಯ ಮಡಿಕೆ ಅವೇ, ನೀರಿನ ಸುಕ್ಕುಗಳೂ ಅವೇ. ಏಕೆಂದರೆ ಹಲಗೆಗಳು ಅವೇ. ಬೆಳಗಿನ ಹಾಳೆಯಲ್ಲಿ ಹಾಯಿಯ ಹಿಂದೆ ಹಳದಿ ಬೆಳಕು ಏರುತ್ತಿದೆ. ಮಂಜಿನ ಹಾಳೆಯಲ್ಲಿ ಹಿಂದಿನ ದೋಣಿಗಳು ಇದ್ದೂ ಇಲ್ಲದಂತೆ ಕರಗಿವೆ. ರಾತ್ರಿಯ ಹಾಳೆಯಲ್ಲಿ ಎಲ್ಲವೂ ಕಡು ನೀಲಿ. ಆರು ಚಿತ್ರಗಳಲ್ಲಿ ಯಾವುದು ಒರಿಜಿನಲ್ಲು? ಹಲಗೆಯೇ ಎನ್ನೋಣವೆಂದರೆ, ಹಲಗೆಯಲ್ಲಿ ಬೆಳಗೂ ಇಲ್ಲ ರಾತ್ರಿಯೂ ಇಲ್ಲ, ಗೆರೆ ತಗ್ಗು ದಿಣ್ಣೆಗಳಿವೆ ಅಷ್ಟೆ. ಹೊತ್ತು ಹುಟ್ಟಿದ್ದು ಬಣ್ಣ ಕಲಸಿ, ಸವರಿ, ತಿಕ್ಕಿದ ಕ್ಷಣದಲ್ಲಿ, ಆ ಹಾಳೆಯ ಮೇಲೆಯೇ. ಯೋಶಿದಾ ಅವರ ಬಳಿ ಸ್ಥಳದಲ್ಲೇ ಮಾಡಿದ ಜಲವರ್ಣ ಕರಡುಗಳಿದ್ದವು, ಕೆಲವು ವಸ್ತುಗಳನ್ನು ಎಣ್ಣೆವರ್ಣದಲ್ಲೂ ಬರೆದಿದ್ದಾರೆ, ನಿಜ. ಆದರೆ ಒಂದೇ ದೃಶ್ಯವನ್ನು ಗೆರೆಯೂ ಕದಲದಂತೆ ಆರು ಹೊತ್ತಿನಲ್ಲಿ ನೋಡುವುದು ಮರದಚ್ಚಿಗೆ ಮಾತ್ರ ಒದಗಿದ ಭಾಗ್ಯ. ಕುಂಚದಿಂದ ಬರೆದರೆ ಆರು ಸಲ ಬರೆಯಬೇಕು, ಆರು ಸಲವೂ ಕೈ ಬೇರೆಯಾಗುತ್ತದೆ.

ಇದರ ಎದುರು ನಮಗೆ ಬಹಳ ಹತ್ತಿರದ ಇನ್ನೊಂದು ಮುದ್ರಣವನ್ನು ಇಟ್ಟು ನೋಡಬೇಕು. ಪುಣೆಯಿಂದ ಲೋನಾವಳಕ್ಕೆ ಹೋಗುವ ಲೋಕಲ್ ರೈಲು ಮಳವಲಿ ಎಂಬ ಸಣ್ಣ ನಿಲ್ದಾಣದಲ್ಲಿ ನಿಲ್ಲುತ್ತದೆ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಮುದ್ರಣಾಲಯ ಕೆಲ ವರ್ಷಗಳ ಬಳಿಕ ಬಂದು ನೆಲೆಸಿದ್ದು ಈ ಮಳವಲಿಯಲ್ಲಿ. ನಮ್ಮ ಅಜ್ಜಿಯರ ದೇವರ ಕೋಣೆಯ ಲಕ್ಷ್ಮಿ ಸರಸ್ವತಿಯರಲ್ಲಿ ಎಷ್ಟೋ ಪಟಗಳು ಅಲ್ಲಿಂದ ಬಂದವು. ಅಲ್ಲಿಯೂ ಒಂದೊಂದು ಬಣ್ಣಕ್ಕೆ ಒಂದೊಂದು ಅಚ್ಚು; ಮರದ ಬದಲು ಕಲ್ಲು. ಅಲ್ಲಿಯೂ ಬಣ್ಣ ಬೇರ್ಪಡಿಸುವ, ಕಲ್ಲಿಗೆ ಇಳಿಸುವ ನುರಿತ ಕೈಗಳಿದ್ದವು. ಆದರೆ ಅವರ ಗುರಿ ರವಿವರ್ಮರ ಎಣ್ಣೆವರ್ಣದ ಹಾಗೆ ಕಾಣುವುದು. ಪಟದ ಹಿಂದೆ ನಿಜಕ್ಕೂ ಒಂದು ಮೂಲ ಚಿತ್ರವಿತ್ತು, ಪಟ ಅದನ್ನು ಬಡವರ ಮನೆಗೂ ಮುಟ್ಟಿಸಿತು. ಆ ಕೆಲಸ ಕೀಳೆಂದು ನಾನು ಹೇಳುವುದಿಲ್ಲ. ದಕ್ಷಿಣ ಭಾರತದ ಕಣ್ಣನ್ನು ಅದರಷ್ಟು ತಿದ್ದಿದ ಚಿತ್ರಗಳು ಇನ್ನಿಲ್ಲ. ಆದರೆ ಯೋಶಿದಾ ಅವರ ಹಾಳೆ ಬೇರಾವ ಚಿತ್ರದ ಹಾಗೂ ಕಾಣಲು ಹೊರಟದ್ದಲ್ಲ. ‘ಪ್ರಿಂಟು’ ಎಂಬ ಒಂದೇ ಹೆಸರಿನಲ್ಲಿ ನಾವು ಕರೆಯುವ ಈ ಎರಡರ ನಡುವಿನ ಅಂತರ ಇಷ್ಟು.

1930ರ ಕೊನೆಗೆ ಯೋಶಿದಾ ಹಿರಿಯ ಮಗ ತೋಶಿಯನ್ನು ಕರೆದುಕೊಂಡು ಭಾರತಕ್ಕೆ ಮತ್ತು ಆಗ್ನೇಯ ಏಷ್ಯಾಕ್ಕೆ ಬಂದರು. ತೋಶಿಗೆ ಆಗ ಹತ್ತೊಂಬತ್ತು. 1931–32ರಲ್ಲಿ ಈ ಪ್ರವಾಸದ ಹಾಳೆಗಳು ಹೊರಬಂದವು. ವಾರಾಣಸಿಯ ಘಾಟು, ದಿಲ್ಲಿಯ ಜಾಮಾ ಮಸೀದಿ, ಅಮೃತಸರದ ಸ್ವರ್ಣಮಂದಿರ, ಉದಯಪುರದ ಅರಮನೆ, ಸಾಂಚಿಯ ತೋರಣ, ಮದುರೆಯ ದೇವಸ್ಥಾನ, ಡಾರ್ಜಿಲಿಂಗಿನಿಂದ ಕಾಣುವ ಕಾಂಚನಜುಂಗಾ, ನಮ್ಮ ಎಲ್ಲೋರ ಮತ್ತು ಅಜಂತಾ. ತಾಜಮಹಲಿನದೇ ಆರು ಹಾಳೆಗಳಿವೆ. ಬೆಳಗಿನ ಮಂಜಿನಲ್ಲಿ ಒಂದು, ರಾತ್ರಿಯ ತೋಟದಲ್ಲಿ ಒಂದು, ಹೀಗೆ. ನಾವು ಕ್ಯಾಲೆಂಡರಿನಲ್ಲಿ ನೋಡಿ ನೋಡಿ ಕುರುಡಾಗಿರುವ ತಾಜನ್ನು ಅವರು ಒಂದು ಕಟ್ಟಡವೆಂದು ನೋಡದೆ, ಬೆಳಕು ಬಂದು ಕೂರುವ ಜಾಗವೆಂದು ನೋಡಿದ್ದಾರೆ.

ನನಗೆ ಇವೆಲ್ಲವುಗಳಲ್ಲಿ ಮಿಗಿಲೆನಿಸುವುದು ಫತೇಪುರ ಸಿಕ್ರಿಯ ಕಿಟಕಿ. ಕಲ್ಲಿನ ಜಾಲಂದ್ರ, ಅದರ ಮುಂದೆ ನೆಲದ ಮೇಲೆ ಕುಳಿತ ಇಬ್ಬರು. ಹೊರಗಿನ ಬಿಸಿಲು ಜಾಲಂದ್ರದ ಸಾವಿರ ಕಂಡಿಗಳಲ್ಲಿ ಸೋಸಿ ಒಳಗೆ ಬರುತ್ತಿದೆ. ಕಂಡಿಗಳ ಹತ್ತಿರ ಹೊಂಬಣ್ಣ, ದೂರ ಸರಿದಂತೆ ಕಂದು, ಮೂಲೆಯಲ್ಲಿ ಕತ್ತಲು. ಒಂದು ಕೋಣೆಯೊಳಗೆ ಬಿಸಿಲು ಹೇಗೆ ಹರಡುತ್ತದೆ ಎಂಬುದನ್ನು ಗೆರೆಯ ನೆರವಿಲ್ಲದೆ, ಬರೀ ಬಣ್ಣದ ಪದರಗಳಿಂದ ತೋರಿಸಿದ್ದಾರೆ. ಬೂದಿ ಬಣ್ಣದ ತಳಪದರಗಳ ಬಗ್ಗೆ ಮೇಲೆ ಹೇಳಿದ್ದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ಇಷ್ಟು ಮೆಚ್ಚಿದ ಮೇಲೆ ಇನ್ನೊಂದು ಮಾತನ್ನೂ ಹೇಳಬೇಕು. ಅವರು ಬಂದದ್ದು ಉಪ್ಪಿನ ಸತ್ಯಾಗ್ರಹದ ವರ್ಷ. ದೇಶದ ತುಂಬ ಜನ ಜೈಲು ಸೇರುತ್ತಿದ್ದರು. ಅದೇ 1930ರಲ್ಲಿ ಶಾಂತಿನಿಕೇತನದ ನಂದಲಾಲ್ ಬೋಸ್ ಕೋಲೂರಿ ನಡೆಯುವ ಗಾಂಧಿಯನ್ನು ಲಿನೊ ಹಾಳೆಯಲ್ಲಿ ಕೆತ್ತಿದರು. ಕಪ್ಪು ಬಿಳುಪು, ಒಂದೇ ಅಚ್ಚು, ಬೊಕಾಶಿಯ ನಾಜೂಕು ಇಲ್ಲ. ಬೇಕಾದವರು ಬೇಕಾದಷ್ಟು ಒತ್ತಿಕೊಳ್ಳಬಹುದಾದ ಚಿತ್ರ. ಯೋಶಿದಾ ಅವರ ಭಾರತದಲ್ಲಿ ಆ ಗದ್ದಲದ ಒಂದು ಎಳೆಯೂ ಇಲ್ಲ. ಹಾವಾಡಿಗರಿದ್ದಾರೆ, ಒಂಟೆಯ ಸಾಲುಗಳಿವೆ, ಬೆಳಕಿದೆ. ಪ್ರವಾಸಿಗೆ ಎಲ್ಲ ಕಾಣಬೇಕೆಂದು ಹಟ ಹಿಡಿಯುವುದು ಸರಿಯಲ್ಲ. ಆದರೂ ಅವರ ಕಣ್ಣು ಯಾವುದರ ಕಡೆ ತಿರುಗುತ್ತಿತ್ತು, ಯಾವುದರ ಕಡೆ ತಿರುಗುತ್ತಿರಲಿಲ್ಲ ಎಂಬುದು ಗೊತ್ತಿರಬೇಕು. 1938ರಿಂದ ಮುಂದೆ ಅವರು ಜಪಾನಿ ಸೇನೆ ಆಕ್ರಮಿಸಿದ್ದ ಚೀನಾಕ್ಕೆ ಯುದ್ಧಚಿತ್ರಕಾರರಾಗಿಯೂ ಹೋದರು. ಬೆಟ್ಟ, ನೀರು, ಬೆಳಕುಗಳ ಮೃದು ಕಲಾವಿದ ಎಂದು ಅವರನ್ನು ಪರಿಚಯಿಸುವ ಬರಹಗಳು ಈ ಸಂಗತಿಯನ್ನು ಒಂದು ಸಾಲಿನಲ್ಲಿ ದಾಟಿಸುತ್ತವೆ. ಅದು ಅವರ ಬದುಕಿನ ಭಾಗವೇ, ಬಿಡುವಂತಿಲ್ಲ.

ಜಪಾನಿನ ಒಳಗೂ ಅವರ ಬಗೆಯ ಕೆಲಸಕ್ಕೆ ಎದುರಾಳಿಗಳಿದ್ದರು. ‘ಸೊಸಾಕು ಹಂಗಾ’ ಎಂಬ ಇನ್ನೊಂದು ಪಂಥದವರ ವಾದ ಇದು: ಬರೆಯುವವನೇ ಕೆತ್ತಬೇಕು, ಕೆತ್ತಿದವನೇ ಒತ್ತಬೇಕು. 1904ರಲ್ಲಿ ಯಾಮಾಮೊತೊ ಕನಾಯೆ ಮಾಡಿದ ಮೀನುಗಾರನ ಚಿತ್ರದಿಂದ ಈ ಪಂಥ ಶುರುವಾಯಿತು. ಇದೇ ದಾರಿಯ ಮುನಾಕಾತಾ ಶಿಕೊ 1956ರಲ್ಲಿ ವೆನಿಸ್ ಬಿಯೆನಾಲೆಯಲ್ಲಿ ಮುದ್ರಣ ಚಿತ್ರದ ಮಹಾಪ್ರಶಸ್ತಿ ಪಡೆದರು. ಯೋಶಿದಾ ಶಿನ್ ಹಂಗಾ, ಸೊಸಾಕು ಹಂಗಾ ಎರಡರ ನಡುವೆ ನಿಂತವರು. ಕೆತ್ತುವ, ಒತ್ತುವ ಕುಶಲಿಗಳನ್ನು ಬಿಡಲಿಲ್ಲ. ಆದರೆ ಅವರ ಪಕ್ಕದಲ್ಲೇ ಕೂತು ಪ್ರತಿ ಹಂತವನ್ನೂ ತಾವೇ ನೋಡಿದರು. ತಮ್ಮ ಉಸ್ತುವಾರಿಯಲ್ಲಿ ಎದ್ದ ಹಾಳೆಯ ಅಂಚಿನಲ್ಲಿ ‘ಜಿಜುರಿ’, ಅಂದರೆ ಸ್ವಂತ ಅಚ್ಚು, ಎಂಬ ಮುದ್ರೆ ಹಾಕಿದರು. ಈ ಮುದ್ರೆಯ ಬಗ್ಗೆ ನನಗೆ ಒಂದು ತಕರಾರಿದೆ. ಬೊಕಾಶಿ ಮಾಡಿದ ಕೈ, ಕೂದಲ ಗೆರೆ ಬಿಟ್ಟ ಕೈ ಬಹುಪಾಲು ಬೇರೆಯವರದು; ಹಾಳೆಯ ಮೇಲೆ ಹೆಸರು ಹಿರೋಶಿ ಅವರದೊಂದೇ. ಮೇಲ್ವಿಚಾರಣೆಯೂ ದೊಡ್ಡ ಕೆಲಸವೇ. 1939ರಲ್ಲಿ ಅವರು ಇಂಗ್ಲಿಷಿನಲ್ಲಿ ಪ್ರಕಟಿಸಿದ ಮರದಚ್ಚಿನ ಪುಸ್ತಕ ಇಡೀ ಕಸುಬು ಅವರಿಗೆ ಎಷ್ಟು ಕರಗತವಾಗಿತ್ತೆಂದು ತೋರಿಸುತ್ತದೆ. ಹಾಗಿದ್ದರೂ ಸಿನಿಮಾದ ಕೊನೆಗೆ ಛಾಯಾಗ್ರಾಹಕನ ಹೆಸರು ಹಾಕುವ ಈ ಕಾಲದಲ್ಲಿ ಒತ್ತುವವನ ಹೆಸರಿಲ್ಲದ ಹಾಳೆ ನೋಡಿದರೆ ಮನಸ್ಸು ಹಿಂಡುತ್ತದೆ.

ಕನ್ನಡಿಗರಿಗೆ ಇಲ್ಲಿ ಕೆ. ವೆಂಕಟಪ್ಪ ನೆನಪಾಗದೆ ಇರಲಾರರು. ಮೈಸೂರಿನಿಂದ ಕಲ್ಕತ್ತಾಕ್ಕೆ ಹೋಗಿ ಅವನೀಂದ್ರನಾಥ ಠಾಕೂರರಲ್ಲಿ ಕಲಿತವರು. ಅದಕ್ಕೆ ಕೆಲವೇ ವರ್ಷ ಮೊದಲು, 1903ರಲ್ಲಿ, ಜಪಾನಿನ ಯೊಕೊಯಾಮಾ ತೈಕಾನ್ ಮತ್ತು ಹಿಶಿದಾ ಶುನ್ಸೊ ಅದೇ ಠಾಕೂರರ ಮನೆಗೆ ಬಂದು ಹೋಗಿದ್ದರು. ಬಣ್ಣವನ್ನು ನೀರಿನಲ್ಲಿ ತೊಳೆದು ತೊಳೆದು ಮಂಜು ಬರಿಸುವ ವಿಧಾನ ಬಂಗಾಳದ ಕಲಾವಿದರಿಗೆ ದಕ್ಕಿದ್ದರಲ್ಲಿ ಅವರ ಪಾಲಿದೆ. ವೆಂಕಟಪ್ಪನವರು 1920ರ ದಶಕದಲ್ಲಿ ಊಟಿಯ ಬೆಟ್ಟಗಳನ್ನು ಜಲವರ್ಣದಲ್ಲಿ ಬರೆದರು, ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಹವೆಯಲ್ಲಿ. ಯೋಶಿದಾ ಒಳಸಮುದ್ರದ ದೋಣಿಗಳಿಗೆ ಬೆಳಗು ಸಂಜೆ ಹಚ್ಚುತ್ತಿದ್ದ ದಶಕವೇ ಅದು. ಒಬ್ಬರನ್ನೊಬ್ಬರು ಬಲ್ಲವರಲ್ಲ, ಹುಡುಕುತ್ತಿದ್ದದ್ದು ಮಾತ್ರ ಒಂದೇ. ಆದರೆ ವೆಂಕಟಪ್ಪನವರ ಊಟಿ ಒಂದೊಂದೇ ಹಾಳೆ. ನೋಡಬೇಕೆಂದರೆ ಬೆಂಗಳೂರಿನ ಕಸ್ತೂರಬಾ ರಸ್ತೆಗೆ ಹೋಗಬೇಕು. ಯೋಶಿದಾ ಅವರ ದೋಣಿಗಳು ಏಕಕಾಲಕ್ಕೆ ತೋಕ್ಯೊದಲ್ಲೂ ಇವೆ, ಅಮೆರಿಕದಲ್ಲೂ ಇವೆ, ಎಲ್ಲಿದ್ದರೂ ಅಸಲಿಯೇ. ಮರದಚ್ಚಿನ ದೊಡ್ಡ ಉದಾರತೆ ಇದು.

ಯೋಶಿದಾ 1950ರ ಏಪ್ರಿಲ್ 5ರಂದು ತೀರಿಕೊಂಡರು. ಸುಮಾರು ಇನ್ನೂರೈವತ್ತು ಮರದಚ್ಚಿನ ಚಿತ್ರಗಳು ಅವರವು. ಮನೆಯಲ್ಲಿ ಕೆಲಸ ನಿಲ್ಲಲಿಲ್ಲ. ಜೀವನವಿಡೀ ಚಿತ್ರ ಬರೆದಿದ್ದ ಫುಜಿಯೊ ಗಂಡ ತೀರಿದ ಮೇಲೆ, ಅರವತ್ತು ದಾಟಿದ ವಯಸ್ಸಿನಲ್ಲಿ, ಹೂವಿನ ಒಡಲೊಳಗೆ ಇಣುಕಿದಂಥ ಅಮೂರ್ತ ಮರದಚ್ಚುಗಳನ್ನು ಮಾಡಿದರು. ಗಂಡನ ಹೆಸರಿನ ನೆರಳಿನಲ್ಲಿ ಅವು ಬಹುಕಾಲ ಮರೆಯಾಗಿದ್ದವು. ನನ್ನ ಮಟ್ಟಿಗೆ ಅವು ಈ ಮನೆತನದ ಅತಿ ದಿಟ್ಟ ಕೆಲಸಗಳಲ್ಲಿ ಸೇರುತ್ತವೆ. ತೋಶಿ ತಂದೆಯ ದಾರಿಯಲ್ಲಿ ನಡೆದು ಆಫ್ರಿಕದ ಪ್ರಾಣಿಗಳನ್ನು ಕೆತ್ತಿದರು. ಪರ್ವತದ ಹೆಸರಿಟ್ಟಿದ್ದ ಕಿರಿಯ ಮಗ ಹೊದಾಕಾ, ಸೊಸೆ ಚಿಜುಕೊ, ಮೊಮ್ಮಗಳು ಅಯೊಮಿ, ಎಲ್ಲರೂ ಅಚ್ಚಿನ ಕಲಾವಿದರೇ.

ಈ ಹಾಳೆಗಳನ್ನು ಕೊಳ್ಳಬೇಕೆನ್ನುವವರಿಗೆ ಒಂದೆರಡು ಎಚ್ಚರಿಕೆ. ಹಿರೋಶಿ ಅವರ ಹಲಗೆಗಳಿಂದ ಅವರು ತೀರಿಕೊಂಡ ಮೇಲೂ ಮನೆಯವರು ಅಚ್ಚು ಹಾಕಿಸಿದ್ದಾರೆ. ಅವೂ ಕೈಯಿಂದ ಒತ್ತಿದವೇ, ನೋಡಲು ಚೆಂದವೇ, ಆದರೆ ಬೆಲೆ ಬೇರೆ. ಕಲಾವಿದರ ಕಾಲದ ಹಾಳೆಯೆಂದು ಹೇಳುವವರಿಗೆ ಎಡ ಅಂಚಿನ ಜಿಜುರಿ ಮುದ್ರೆ ತೋರಿಸಲು ಹೇಳಿ. ಅಂಚು ಕತ್ತರಿಸಿ ಚೌಕಟ್ಟು ಹಾಕಿದ್ದರೆ ಅನುಮಾನ ಪಡಿ. ಹಾಳೆಯನ್ನು ತಿರುಗಿಸಿ ಬೆನ್ನು ನೋಡಿ. ಮರದಚ್ಚಿನಲ್ಲಿ ಬಣ್ಣ ಕಾಗದದ ನಾರಿನೊಳಗೆ ಇಳಿದು ಹಿಂದೆ ಮಸುಕಾಗಿ ಮೂಡಿರುತ್ತದೆ, ಬಾರೆನ್ ತಿಕ್ಕಿದ ಸುಳಿಗಳೂ ಒಮ್ಮೊಮ್ಮೆ ಕಾಣುತ್ತವೆ. ಭೂತಗನ್ನಡಿ ಹಿಡಿದಾಗ ಸಣ್ಣ ಸಣ್ಣ ಚುಕ್ಕಿಗಳ ಸಾಲು ಕಂಡರೆ ಅದು ಆಫ್‌ಸೆಟ್ ಪೋಸ್ಟರು. ಗೋಡೆಗೆ ಹಾಕಲು ಪೋಸ್ಟರೂ ಸಾಕು, ಅದರಲ್ಲಿ ತಪ್ಪೇನಿಲ್ಲ; ಪೋಸ್ಟರಿಗೆ ಕೊಡುವ ಹಣವನ್ನಷ್ಟೇ ಕೊಡಿ. ಅಸಲಿ ಹಾಳೆ ಸಿಕ್ಕಿದರೆ ನೇರ ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿ, ನೀರುಬಣ್ಣ ಬೇಗ ಮಾಸುತ್ತದೆ; ಕಾತ್ರಜದಂಥ ಕಡೆ ಮಳೆಗಾಲದಲ್ಲಿ ಪಸೆ ಬರುವ ಹೊರಗೋಡೆಗಂತೂ ಬೇಡವೇ ಬೇಡ.